ನಮ್ಮ ಕಾಲ ಕೆಳಗಿನ ಜುರಾಸಿಕ್ ಸಮುದ್ರ

ಕಳೆದ ಚಳಿಗಾಲದ ಒಂದು ಸಂಜೆ. ಆಸ್ಪತ್ರೆಯ ಫಾರ್ಮಸಿ ಕೌಂಟರಿನಲ್ಲಿ ಜನ ಕಡಿಮೆಯಾಗಿದ್ದರು. ಬಿಪಿ ಮಾತ್ರೆಗೆಂದು ಬಂದ ಬಾಗಲಕೋಟೆ ಕಡೆಯ ಗೆಳೆಯರು, ನಾವು ಪೊಟ್ಟಣದ ಮೇಲೆ ಲೇಬಲ್ ಅಂಟಿಸುವುದನ್ನೇ ನೋಡುತ್ತ ನಿಂತಿದ್ದರು. ರೋಗಿಯ ಹೆಸರು, ಮಾತ್ರೆಯ ಪ್ರಮಾಣ, ಬೆಳಿಗ್ಗೆ ಎಷ್ಟು, ರಾತ್ರಿ ಎಷ್ಟು. ಎಲ್ಲ ಮುಗಿದ ಮೇಲೆ ಮೆಲ್ಲಗೆ ಕೇಳಿದರು:

"ಸರ, ನಾನೂ ನಿಮ್ಹಂಗ ದಿನಾ ಲೇಬಲ್ ಬರಿಯಾಂವನ. ಹನ್ನೊಂದು ವರ್ಷ ಆತು, ಕಲ್ಲಿನ ಪುಡಿ ತೊಳದು ಚೀಲಕ್ಕ ತುಂಬಿ ನಂಬರ್ ಹಾಕಾಕತ್ತೀನಿ. ನಮ್ಮ ಜಿಯಾಲಜಿಸ್ಟ್ ಸಾಹೇಬ್ರು ಅದನ್ನ ಮೈಕ್ರೋಸ್ಕೋಪಿನ್ಯಾಗ ನೋಡಿ, ಇಲ್ಲಿ ಸಮುದ್ರ ಇತ್ತು, ಇಲ್ಲಿ ದಂಡಿ ಇತ್ತು ಅಂತ ಬರೀತಾರ. ಹಿಡಿ ಪುಡಿಯೊಳಗ ಸಮುದ್ರ ಹೆಂಗ ಕಾಣ್ತೈತ್ರಿ ಅವರಿಗೆ?"

ಅವರು ಮರುಭೂಮಿಯ ರಿಗ್ಗೊಂದರಲ್ಲಿ ಸ್ಯಾಂಪಲ್ ಕ್ಯಾಚರ್. ಬಾವಿ ಕೊರೆಯುವಾಗ ಬಿಟ್ ಒಡೆದ ಕಲ್ಲಿನ ಚೂರುಗಳು ಮಡ್ ಎಂದು ಕರೆಯುವ ಕೆಸರಿನಂಥ ದ್ರವದ ಜೊತೆ ಮೇಲೆ ಬರುತ್ತವೆ. ಶೇಲ್ ಶೇಕರ್ ಎಂಬ ಅಲುಗಾಡುವ ಜರಡಿಯಲ್ಲಿ ಮಡ್ ಸೋರಿಹೋಗಿ ಚೂರುಗಳು ಉಳಿಯುತ್ತವೆ. ಅವನ್ನು ಬಾಚಿ, ತೊಳೆದು, ಬಟ್ಟೆ ಚೀಲಕ್ಕೆ ತುಂಬಿ, ಎಷ್ಟನೆಯ ಅಡಿಯ ಕಲ್ಲು ಎಂದು ಬರೆದು ಕೊಡುವುದು ಅವರ ಕೆಲಸ. ಹತ್ತು ಅಡಿಗೆ ಒಂದು ಚೀಲ. ಬೇಸಿಗೆಯ ಬಿಸಿಲಾಗಲಿ, ಜನವರಿಯ ಚಳಿಗಾಳಿಯಾಗಲಿ, ಚೀಲ ತಪ್ಪುವಂತಿಲ್ಲ.

ಅವರ ಪ್ರಶ್ನೆಗೆ ಅಂದು ನಮ್ಮಲ್ಲಿ ಉತ್ತರ ಇರಲಿಲ್ಲ. ಡಿ.ಫಾರ್ಮ ಓದಿದ ನಮಗೆ ಸುಣ್ಣ ಗೊತ್ತು, ಜಿಪ್ಸಂ ಗೊತ್ತು, ಮೆಗ್ನೀಸಿಯಂ ಗೊತ್ತು. ಅವೆಲ್ಲ ಹುಟ್ಟುವ ನೆಲ ಗೊತ್ತಿಲ್ಲ. ರಜೆಯ ದಿನಗಳಲ್ಲಿ ಪುಸ್ತಕ ಹಿಡಿದು ಕೂತೆವು. ಗೆಳೆಯರು ರಿಗ್ಗಿನಲ್ಲಿ ಚಹಾದ ಹೊತ್ತಿಗೆ ಆ ಸಾಹೇಬರನ್ನು ಕೇಳಿ ಕೇಳಿ ತಿಳಿದುಕೊಂಡು ಬಂದರು. ಓದಿದ್ದು, ಕೇಳಿದ್ದು ಸಾಲದೆ ಒಂದು ಭಾನುವಾರ ಕಾರು ಹತ್ತಿ ನೋಡಿಯೂ ಬಂದೆವು. ನಾವು ತಿಳಿದುಕೊಂಡದ್ದನ್ನು ಈ ಸಲದ ಸಂಚಿಕೆಯಲ್ಲಿ ನಿಮ್ಮ ಮುಂದಿಡುತ್ತಿದ್ದೇವೆ. ಕೊಲ್ಲಿಯಲ್ಲಿ ದುಡಿಯುವ ನಮ್ಮೆಲ್ಲರ ಅನ್ನ ಒಂದಲ್ಲ ಒಂದು ದಾರಿಯಲ್ಲಿ ಈ ನೆಲದಡಿಯ ಕಲ್ಲಿನಿಂದಲೇ ಬರುತ್ತಿದೆ. ಹಾಗಿರುವಾಗ ಆ ಕಲ್ಲಿನ ಪರಿಚಯ ನಮಗಿರುವುದು ಒಳ್ಳೆಯದು.

ಕಲ್ಲಿಗೂ ಒಂದು ಮುಖ

ಹೊಳೆ, ಗಾಳಿ, ಸಮುದ್ರಗಳು ತಂದು ಹಾಕಿದ ಮರಳು, ಕೆಸರು, ಚಿಪ್ಪು, ಉಪ್ಪು ಒಂದರ ಮೇಲೊಂದು ಕೂತು ಗಟ್ಟಿಯಾದರೆ ಅದು ಪದರು ಶಿಲೆ. ಕೆಳಗಿನದು ಹಳೆಯದು, ಮೇಲಿನದು ಹೊಸದು. ಈ ಸರಳ ನಿಯಮವನ್ನು 1669ರಲ್ಲೇ ಸ್ಟೆನೊ ಎಂಬ ಡೆನ್ಮಾರ್ಕಿನ ವೈದ್ಯ ಬರೆದಿಟ್ಟ.

ಆದರೆ ವಯಸ್ಸು ತಿಳಿದರೆ ಸಾಲದು, ಆ ಪದರು ಎಂಥ ಜಾಗದಲ್ಲಿ ಕೂತಿತು ಎಂಬುದೂ ತಿಳಿಯಬೇಕು. ಆಳದ ಸಮುದ್ರವೋ, ಅಲೆ ಒಡೆಯುವ ತೀರವೋ, ಹಿನ್ನೀರೋ, ಒಣಗಿದ ಬಯಲೋ? ಇದಕ್ಕೆ ದಾರಿ ತೋರಿದವನು ಸ್ವಿಟ್ಜರ್ಲೆಂಡಿನ ಅಮಾಂಜ್ ಗ್ರೆಸ್ಲಿ. ಅವನು ಅಲೆದದ್ದು ಜುರಾ ಪರ್ವತಗಳಲ್ಲಿ. ಜುರಾಸಿಕ್ ಎಂಬ ಹೆಸರು ಬಂದದ್ದೂ ಆ ಬೆಟ್ಟಗಳಿಂದಲೇ. ಒಂದೇ ಕಾಲದ ಪದರು ಒಂದು ಕಡೆ ಹವಳ ತುಂಬಿದ ಸುಣ್ಣಕಲ್ಲಾಗಿದ್ದರೆ, ಸ್ವಲ್ಪ ದೂರದಲ್ಲಿ ಬರೀ ಕೆಸರುಗಲ್ಲಾಗಿರುವುದನ್ನು ಅವನು ಕಂಡ. ಕಾಲ ಒಂದೇ, ಜಾಗ ಬೇರೆ. ಆ ವ್ಯತ್ಯಾಸಕ್ಕೆ 1838ರಲ್ಲಿ ಅವನು ಇಟ್ಟ ಹೆಸರು ಫೇಸೀಸ್, ಅಂದರೆ ಮುಖ. ನಮ್ಮ ಆಸ್ಪತ್ರೆಯ ವೈದ್ಯರೂ ಇದೇ ಪದ ಬಳಸುತ್ತಾರೆ. ರೋಗಿಯ ಮುಖ ನೋಡಿದೊಡನೆ ಗೊತ್ತಾಗುವ ಕೆಲವು ಕಾಯಿಲೆಗಳಿವೆ. ಕಲ್ಲಿನ ವಿಷಯದಲ್ಲೂ ಅಷ್ಟೇ. ಮುಖ ಓದಲು ಬಂದರೆ ಅದು ಹುಟ್ಟಿದ ಜಾಗ ತಿಳಿಯುತ್ತದೆ.

ಕೆಸರು, ಕಾಳು, ಜೀವ, ಉಪ್ಪು

ಸುಣ್ಣಕಲ್ಲಿನ ಚೂರನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟವರು ಮೊದಲು ನೋಡುವುದು ಕೆಸರನ್ನು. ನಮ್ಮೂರ ಹೊಳೆಯನ್ನೇ ನೆನೆಸಿಕೊಳ್ಳಿ. ಸೆಳವಿರುವ ಕಡೆ ಕೆಸರು ನಿಲ್ಲುವುದಿಲ್ಲ, ಬರೀ ಮರಳು, ಹರಳು. ನೀರು ನಿಂತ ಮಡುವಿನಲ್ಲಿ ನುಣ್ಣನೆಯ ಕೆಸರು. 1962ರಲ್ಲಿ ರಾಬರ್ಟ್ ಡನ್‌ಹ್ಯಾಮ್ ಎಂಬ ತೈಲ ಕಂಪನಿಯ ಭೂವಿಜ್ಞಾನಿ ಸುಣ್ಣಕಲ್ಲುಗಳನ್ನು ಈ ಲೆಕ್ಕದಲ್ಲೇ ವಿಂಗಡಿಸಿದ. ಬರೀ ಕೆಸರಾಗಿದ್ದರೆ ನೀರು ಶಾಂತವಾಗಿತ್ತು. ಕೆಸರೇ ಇಲ್ಲದೆ ಕಾಳಿಗೆ ಕಾಳು ತಾಗಿಕೊಂಡಿದ್ದರೆ ಅಲೆಗಳು ಹಗಲೂ ರಾತ್ರಿ ತೊಳೆಯುತ್ತಿದ್ದವು. ಇಂದಿಗೂ ರಿಗ್ಗುಗಳ ವರದಿಯಲ್ಲಿ ಬಳಕೆಯಾಗುವುದು ಅವನ ಹೆಸರುಗಳೇ.

ಎರಡನೆಯದು ಕಾಳಿನ ರೂಪ. ಸಾಸಿವೆಗಿಂತಲೂ ಚಿಕ್ಕದಾದ, ಮೀನಿನ ಮೊಟ್ಟೆಯಂತೆ ದುಂಡಗಿನ ಕಾಳುಗಳು ಜುರಾಸಿಕ್ ಸುಣ್ಣಕಲ್ಲಿನಲ್ಲಿ ಹೇರಳ. ಇವಕ್ಕೆ ಊಯಿಡ್ ಎನ್ನುತ್ತಾರೆ. ಇವು ಆಗುವ ಬಗೆ ಫಾರ್ಮಸಿ ಓದಿದ ಯಾರಿಗೂ ಬೇಗ ಹಿಡಿಸುತ್ತದೆ. ಮಾತ್ರೆಗೆ ಸಕ್ಕರೆ ಲೇಪ ಹಾಕುವಾಗ ದುಂಡು ಬಾಣಲೆಯಲ್ಲಿ ಮಾತ್ರೆಗಳನ್ನು ಉರುಳಿಸುತ್ತ ಪಾಕ ಸುರಿಯುತ್ತಾರೆ. ಒಂದರ ಮೇಲೊಂದು ತೆಳು ಪದರು ಕೂತು ಮಾತ್ರೆ ನುಣುಪಾಗುತ್ತದೆ. ಹಾಗೆಯೇ ಬೆಚ್ಚಗಿನ, ಆಳವಿಲ್ಲದ ಸಮುದ್ರದಲ್ಲಿ ಚಿಪ್ಪಿನ ಒಂದು ಚೂರು ಉಬ್ಬರ ಇಳಿತಗಳಿಗೆ ಸಿಕ್ಕಿ ಉರುಳುತ್ತಿದ್ದರೆ, ನೀರಿನ ಸುಣ್ಣ ಅದರ ಸುತ್ತ ಪದರು ಪದರಾಗಿ ಕಟ್ಟುತ್ತದೆ. ನಿಂತ ನೀರಿನಲ್ಲಿ ಇಂಥ ಕಾಳು ದುಂಡಗಾಗದು. ಇಂದಿಗೂ ಅಬುಧಾಬಿಯ ದ್ವೀಪಗಳ ನಡುವೆ ಉಬ್ಬರದ ನೀರು ನುಗ್ಗುವ ಕಡೆ ಊಯಿಡ್‌ಗಳು ಆಗುತ್ತಲೇ ಇವೆ.

ಮೂರನೆಯದು ಜೀವ. ಇಲ್ಲಿನ ಜುರಾಸಿಕ್ ಪದರುಗಳಲ್ಲಿ ಕ್ಲಾಡೊಕೊರಾಪ್ಸಿಸ್ ಎಂಬ ಪುಟ್ಟ ಕೊಂಬೆಗಳಂಥ ಸ್ಪಂಜಿನ ಪಳೆಯುಳಿಕೆ ಸಿಗುತ್ತದೆ. ಬಿರುಸಿನ ಅಲೆಗೆ ಮುರಿದುಹೋಗುವ ಇಂಥ ಜೀವಿ ತುಂಬಿದ್ದರೆ ಅದು ಹಿನ್ನೀರಿನಂಥ ಮರೆಯ ಜಾಗ. ಕ್ಲೈಪೀನಾ ಎಂಬ ಹಸಿರು ಪಾಚಿಯ ಸುಣ್ಣದ ಉಂಗುರಗಳು ಕಂಡರೆ ಬಿಸಿಲು ತಳ ಮುಟ್ಟುತ್ತಿತ್ತು, ಅಂದರೆ ನೀರು ಆಳವಿರಲಿಲ್ಲ. ಬಿಸಿಲಿಲ್ಲದೆ ಪಾಚಿ ಬದುಕುವುದಿಲ್ಲವಷ್ಟೆ.

ನಾಲ್ಕನೆಯದು ಉಪ್ಪು. ಸಮುದ್ರದ ನೀರು ಬಿಸಿಲಿಗೆ ಒಣಗುತ್ತ ಹೋದಂತೆ ಅದರಲ್ಲಿ ಕರಗಿರುವ ಲವಣಗಳು ಒಂದು ಸಾಲಿನಲ್ಲಿ ಹೊರಬೀಳುತ್ತವೆ. ನೀರು ಸುಮಾರು ಅರ್ಧಕ್ಕಿಳಿದಾಗ ಸುಣ್ಣ, ಐದನೆಯ ಒಂದು ಭಾಗಕ್ಕಿಳಿದಾಗ ಜಿಪ್ಸಂ, ಹತ್ತನೆಯ ಒಂದು ಭಾಗಕ್ಕಿಳಿದಾಗ ಅಡಿಗೆ ಉಪ್ಪು. ನಮ್ಮ ಜೊತೆ ಕಾರು ಓಡಿಸಿದ ಅಣ್ಣ ಕುಮಟಾದವರು. ಗೋಕರ್ಣದ ಹತ್ತಿರದ ಸಾಣಿಕಟ್ಟಾ ಆಗರಗಳನ್ನು ನೋಡುತ್ತ ಬೆಳೆದವರು. "ಆಗರದಲ್ಲಿ ನೀರನ್ನು ಒಂದು ಪಾತಿಯಿಂದ ಇನ್ನೊಂದಕ್ಕೆ ಬಿಡುವುದು ಸುಮ್ಮನೆ ಅಂದ್ಕೊಂಡಿದ್ದೆ, ಅದಕ್ಕೂ ಲೆಕ್ಕ ಇದೆ ಹಾಗಾದರೆ" ಎಂದರು. ಕಲ್ಲಿನ ಪದರಿನಲ್ಲಿ ಜಿಪ್ಸಂ ಕಂಡರೆ ಅಲ್ಲಿ ಮಳೆಗಿಂತ ಬಿಸಿಲೇ ಹೆಚ್ಚಿತ್ತು, ನೀರು ಹಾಗೆ ಬತ್ತಿತ್ತು ಎಂದು ಅರ್ಥ.

ಇವನ್ನು ಬೇರ್ಪಡಿಸುವ ಪರೀಕ್ಷೆಯೂ ನಮಗೆ ಹತ್ತಿರದ್ದೇ. ತೆಳುವಾಗಿಸಿದ ಹೈಡ್ರೋಕ್ಲೋರಿಕ್ ಆಮ್ಲದ ಒಂದು ಹನಿ ಬಿಟ್ಟರೆ ಸುಣ್ಣಕಲ್ಲು ಬುಸುಗುಟ್ಟಿ ನೊರೆಯುತ್ತದೆ. ಸುಣ್ಣದ ಆಂಟಾಸಿಡ್ ಮಾತ್ರೆ ಹೊಟ್ಟೆಯ ಆಮ್ಲದಲ್ಲಿ ಮಾಡುವುದೂ ಇದನ್ನೇ. ಮೆಗ್ನೀಸಿಯಂ ಬೆರೆತ ಡಾಲಮೈಟ್ ಕಲ್ಲಾದರೆ ಪುಡಿ ಮಾಡಿದ ಮೇಲೆ ಮೆಲ್ಲಗೆ ನೊರೆಯುತ್ತದೆ. ಜಿಪ್ಸಂ, ಅನ್‌ಹೈಡ್ರೈಟ್ ನೊರೆಯುವುದೇ ಇಲ್ಲ. ಇವೆರಡೂ ಕ್ಯಾಲ್ಸಿಯಂ ಸಲ್ಫೇಟೇ. ಜಿಪ್ಸಮ್ಮಿನಲ್ಲಿ ನೀರು ಸೇರಿಕೊಂಡಿದೆ, ಅನ್‌ಹೈಡ್ರೈಟಿನಲ್ಲಿ ಇಲ್ಲ. ಮೂಳೆ ಮುರಿದವರಿಗೆ ಹಾಕುವ ಪ್ಲಾಸ್ಟರ್ ಇವೆರಡರ ನಡುವಿನ ಅಣ್ಣತಮ್ಮ.

ಅರಬ್ ಎಂಬ ಹೆಸರಿನ ಪದರು

ಸುಮಾರು 15 ಕೋಟಿ ವರ್ಷಗಳ ಹಿಂದೆ, ಜುರಾಸಿಕ್ ಕಾಲದ ಕೊನೆಯ ಭಾಗದಲ್ಲಿ, ಈ ಅರೇಬಿಯಾ ಭೂಮಧ್ಯರೇಖೆಯ ಹತ್ತಿರವಿತ್ತು. ಆಫ್ರಿಕಾದಿಂದ ಇನ್ನೂ ಬೇರ್ಪಟ್ಟಿರಲಿಲ್ಲ. ಅದರ ಅಂಚಿನಲ್ಲಿ ಟೆಥಿಸ್ ಎಂಬ ಸಾಗರ. ಈಗಿನ ಸೌದಿ, ಕತಾರ್, ಬಹ್ರೇನ್, ಎಮಿರೇಟ್ಸ್‌ಗಳ ಬಹುಭಾಗದ ಮೇಲೆ ಆ ಸಾಗರದ ಬೆಚ್ಚಗಿನ, ಆಳವಿಲ್ಲದ ನೀರು ಹರಡಿಕೊಂಡಿತ್ತು.

ಆ ಸಮುದ್ರದ ಕುರುಹು ಕಣ್ಣಿಗೆ ಕಾಣುವ ಜಾಗಗಳೂ ಇವೆ. ರಿಯಾದಿನಲ್ಲಿರುವ ಗೆಳೆಯರು ರಜೆಯಲ್ಲಿ ಹೋಗುವ, ಪ್ರಪಂಚದ ಅಂಚು ಎಂದು ಹೆಸರಾದ ಕಡಿದಾದ ಬಂಡೆಸಾಲು ತುವೈಕ್ ಬೆಟ್ಟದ ಭಾಗ. ಸುಮಾರು 800 ಕಿಲೋಮೀಟರ್ ಉದ್ದದ ಆ ಬೆಟ್ಟಸಾಲಿನ ಬಂಡೆ ಜುರಾಸಿಕ್ ಸುಣ್ಣಕಲ್ಲು; ಅದರಲ್ಲಿ ಹವಳಗಳಿವೆ. ಇಲ್ಲಿ ನಾವು ಮಕ್ಕಳನ್ನು ಕರೆದುಕೊಂಡು ಹೋಗುವ ರಾಸ್ ಅಲ್ ಖೈಮಾದ ಬೆಟ್ಟಗಳಲ್ಲೂ ಅದೇ ಕಾಲದ ಸುಣ್ಣಕಲ್ಲಿನ ಪಟ್ಟೆಗಳು ಮೇಲಕ್ಕೆದ್ದು ನಿಂತಿವೆ.

ಆದರೆ ಹೆಚ್ಚಿನದು ನೆಲದಡಿಯಲ್ಲೇ ಇದೆ. ಅದರಲ್ಲಿ ಹೆಸರಾದದ್ದು ಅರಬ್ ಫಾರ್ಮೇಶನ್. ಮೇಲಿನಿಂದ ಕೆಳಕ್ಕೆ ಎ, ಬಿ, ಸಿ, ಡಿ ಎಂದು ನಾಲ್ಕು ಭಾಗ. ಪ್ರತಿಯೊಂದರಲ್ಲೂ ಕೆಳಗೆ ಸುಣ್ಣಕಲ್ಲು, ಮೇಲೆ ಅನ್‌ಹೈಡ್ರೈಟ್. ಅಂದರೆ ಸಮುದ್ರ ನಾಲ್ಕು ಸಲ ಬಂದು ನಾಲ್ಕು ಸಲ ಬತ್ತಿದೆ. ಎಲ್ಲದರ ಮೇಲೆ ಹಿತ್ ಎಂಬ ದಪ್ಪನೆಯ ಅನ್‌ಹೈಡ್ರೈಟ್ ಪದರು ಮುಚ್ಚಳದಂತೆ ಕೂತಿದೆ. ರಿಯಾದಿನ ಆಗ್ನೇಯಕ್ಕೆ, ಅಲ್ ಖರ್ಜ್ ಕಡೆಯ ದಹ್ಲ್ ಹಿತ್ ಎಂಬ ಗುಹೆಯಿಂದ ಅದಕ್ಕೆ ಆ ಹೆಸರು ಬಂತು.

ಈಗ ಕಾಳು ಮತ್ತು ಉಪ್ಪಿನ ಮಾತಿಗೆ ಮರಳೋಣ. ಅಲೆ ತೊಳೆದ ಕಾಳುಗಳ ನಡುವೆ ಕೆಸರಿಲ್ಲದ ಕಾರಣ ಜಾಗ ಖಾಲಿ ಉಳಿಯಿತು. ಅದಕ್ಕೂ ಮುಂಚೆ ಇದೇ ಸಮುದ್ರದ ಆಳದ ತಗ್ಗುಗಳಲ್ಲಿ ಜೀವಿಗಳ ಉಳಿಕೆ ಸೇರಿದ ಕಪ್ಪು ಕೆಸರು ಕೂತಿತ್ತು. ಅದು ಹೂತು ಬಿಸಿಯಾಗಿ ಎಣ್ಣೆಯಾಯಿತು. ಎಣ್ಣೆ ಮೇಲಕ್ಕೇರಿ ಕಾಳುಗಳ ನಡುವಿನ ಜಾಗದಲ್ಲಿ ತುಂಬಿಕೊಂಡಿತು. ಮೇಲಿನ ಅನ್‌ಹೈಡ್ರೈಟ್ ಬಿರಡೆಯಂತೆ ಅದನ್ನು ಹೊರಗೆ ಬಿಡಲಿಲ್ಲ. 1938ರ ಮಾರ್ಚ್ 4ರಂದು ಸೌದಿಯ ದಮ್ಮಾಮ್ 7ನೇ ಬಾವಿಯಲ್ಲಿ ಸುಮಾರು 1,440 ಮೀಟರ್ ಆಳದಿಂದ ಎಣ್ಣೆ ಬಂದದ್ದು ಈ ಅರಬ್ ಪದರಿನಿಂದ. 1948ರಲ್ಲಿ ಸಿಕ್ಕ ಗವಾರ್, ಸುಮಾರು 280 ಕಿಲೋಮೀಟರ್ ಉದ್ದದ ಜಗತ್ತಿನ ಅತಿ ದೊಡ್ಡ ತೈಲಕ್ಷೇತ್ರ, ಅದರ ಮುಖ್ಯ ಭಂಡಾರವೂ ಅರಬ್ ಡಿ. ಕತಾರಿನ ದುಖಾನಿನಲ್ಲಿ, ಅಬುಧಾಬಿಯ ಉಮ್ ಶೈಫ್‌ನಲ್ಲಿ ಇದೇ ಪದರಿನಿಂದ ಎಣ್ಣೆ ತೆಗೆಯುತ್ತಾರೆ.

ಸಬ್ಖಾದ ಬದಿಯಲ್ಲಿ ಒಂದು ಭಾನುವಾರ

ಹಾಗಿದ್ದರೂ ಒಂದು ಅನುಮಾನ ಉಳಿದೇ ಇತ್ತು. ಅನ್‌ಹೈಡ್ರೈಟ್ ಎಂದರೆ ಉಪ್ಪುನೀರು ಬತ್ತಿದ ಗುರುತು, ಸರಿ. ಆದರೆ ಅದು ದೊಡ್ಡ ಸಮುದ್ರವೇ ಬತ್ತಿ ತಳದಲ್ಲಿ ಕೂತದ್ದೋ, ಬೇರೆ ರೀತಿಯಲ್ಲಿ ಆದದ್ದೋ? ವಿಜ್ಞಾನಿಗಳಿಗೂ ಈ ಪ್ರಶ್ನೆ ಇತ್ತು. ಬಹುಕಾಲ ಅವರು ಅದನ್ನು ನಿಂತ ಉಪ್ಪುನೀರಿನ ತಳದಲ್ಲಿ ಕೂತದ್ದು ಎಂದೇ ತಿಳಿದಿದ್ದರು. 1960ರ ದಶಕದ ಮೊದಲಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಗ್ರಹಾಂ ಇವಾನ್ಸ್, ಡಗ್ಲಾಸ್ ಶಿಯರ್‌ಮನ್ ಮತ್ತು ಜೊತೆಗಾರರು ಅಬುಧಾಬಿಯ ತೀರದ ಉಪ್ಪು ಬಯಲನ್ನು ಅಗೆದು ನೋಡಿದರು. ನೀರೇ ನಿಲ್ಲದ ಆ ಬಯಲಿನ ಮಣ್ಣಿನೊಳಗೆ, ಇಂದು ನಮ್ಮ ಕಾಲದಲ್ಲೇ, ಅನ್‌ಹೈಡ್ರೈಟ್ ಮತ್ತು ಡಾಲಮೈಟ್ ಬೆಳೆಯುತ್ತಿದ್ದವು. 1963ರಲ್ಲಿ ನೇಚರ್ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ಅಲ್ಲಿಂದ ಸಬ್ಖಾ ಎಂಬ ಅರಬ್ಬಿ ಪದ ಜಗತ್ತಿನ ಭೂವಿಜ್ಞಾನದ ಪುಸ್ತಕಗಳಿಗೆಲ್ಲ ಸೇರಿತು.

ಕಂಪನಿಯ ಸ್ಯಾಂಪಲ್ ಹೊರಗೆ ತರುವಂತಿಲ್ಲ. ಆದರೆ ಸಬ್ಖಾ ನಮ್ಮ ಹೆದ್ದಾರಿಯ ಪಕ್ಕದಲ್ಲೇ ಇದೆ. ಜನವರಿಯ ಒಂದು ಭಾನುವಾರ ನಾವು ನಾಲ್ವರು ಚಿತ್ರಾನ್ನದ ಡಬ್ಬಿ ಕಟ್ಟಿಕೊಂಡು ಅಬುಧಾಬಿಯಿಂದ ಪಶ್ಚಿಮಕ್ಕೆ, ಸೌದಿ ಗಡಿಯತ್ತ ಹೋಗುವ ದಾರಿ ಹಿಡಿದೆವು. ಹೆದ್ದಾರಿ ಬಿಟ್ಟು ಕಡಲ ಕಡೆ ತಿರುಗಿ, ಗಟ್ಟಿ ರಸ್ತೆಯಲ್ಲೇ ಕಾರು ನಿಲ್ಲಿಸಿ, ನಡೆದೆವು. ಒದ್ದೆಯಾದ ಸಬ್ಖಾದಲ್ಲಿ ಗಾಡಿ ಹೂತುಹೋಗುತ್ತದೆ, ಇದನ್ನು ಮರೆಯಬೇಡಿ.

ಕಡಲಿನ ಅಂಚಿನಿಂದ ಒಳಗೆ ನಡೆಯುತ್ತ ಬಂದೆವು. ಮೊದಲು ಹಿನ್ನೀರು: ಬೂದು ಬಣ್ಣದ ಸುಣ್ಣದ ಕೆಸರು, ಮೊನಚು ಸುರುಳಿಯ ಪುಟ್ಟ ಶಂಖುಗಳು, ಕಾಂಡ್ಲಾ ಗಿಡಗಳು. ಆಮೇಲೆ ಉಬ್ಬರದ ನೀರು ಆಗಾಗ ಮಾತ್ರ ಮುಟ್ಟುವ ಪಟ್ಟಿ: ಕಪ್ಪನೆಯ ರಬ್ಬರಿನ ಹಾಳೆಯಂಥ ಪಾಚಿಯ ಪದರು, ಒಣಗಿ ಬಿರಿದು ಅಂಚು ಸುರುಳಿಕೊಂಡಿತ್ತು. ಅದರಿಂದಾಚೆ ಜಿಪ್ಸಂ ಹರಳುಗಳು. ಇನ್ನೂ ಒಳಗೆ ಬೂಟಿನಡಿ ಕರಕರ ಎನ್ನುವ ಉಪ್ಪಿನ ಹೊಪ್ಪಳೆ. ಅದರ ಕೆಳಗಿನ ಮಣ್ಣಿನಲ್ಲಿ ಬಿಳಿ ಗಂಟುಗಳು. ಆ ಗಂಟುಗಳೇ ಅನ್‌ಹೈಡ್ರೈಟ್. ನೆಲದಡಿಯ ಉಪ್ಪುನೀರು ಬಿಸಿಲಿನ ಎಳೆತಕ್ಕೆ ಮೇಲೇರಿ ಆರುತ್ತ, ಆ ಗಂಟುಗಳನ್ನು ಮಣ್ಣೊಳಗೇ ಬೆಳೆಸುತ್ತದೆ. ಜಿಪ್ಸಂ ಕ್ಯಾಲ್ಸಿಯಂ ಅನ್ನು ತೆಗೆದುಕೊಂಡಂತೆ ಉಳಿದ ನೀರಿನಲ್ಲಿ ಮೆಗ್ನೀಸಿಯಂ ಪಾಲು ಹೆಚ್ಚುತ್ತದೆ. ಆ ನೀರು ಕೆಳಗಿನ ಸುಣ್ಣವನ್ನು ಡಾಲಮೈಟ್ ಮಾಡುತ್ತದೆ.

ವಾಪಸು ಬರುವಾಗ ರಸ್ತೆ ಬದಿಯಲ್ಲಿ ಪೈಪ್ ಹಾಕಲು ತೋಡಿದ ಒಂದು ಕಾಲುವೆ ಕಂಡಿತು. ಎದೆಮಟ್ಟದ ಆಳ, ತಳದಲ್ಲಿ ಉಪ್ಪುನೀರು ಜಿನುಗುತ್ತಿತ್ತು. ಕಾಲುವೆಯ ಗೋಡೆಯಲ್ಲಿ ಮೇಲೆ ಬಿಳಿ ಗಂಟುಗಳ ಸಾಲು, ಅದರ ಕೆಳಗೆ ಹರಳಿನ ಜಿಪ್ಸಂ, ಅದರ ಕೆಳಗೆ ಹೂತುಹೋದ ಪಾಚಿಯ ಕಪ್ಪು ಗೆರೆ, ತಳದಲ್ಲಿ ಶಂಖುಗಳಿದ್ದ ಬೂದು ಕೆಸರು. ಕಡಲಂಚಿನಿಂದ ನಾವು ಅಡ್ಡಡ್ಡ ನಡೆದು ನೋಡಿದ್ದೆಲ್ಲ ಅಲ್ಲಿ ನೆಟ್ಟಗೆ ಒಂದರ ಮೇಲೊಂದು ನಿಂತಿತ್ತು!

ಬಾಗಲಕೋಟೆಯ ಗೆಳೆಯರು ಅಂಚಿನಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟರು. "ಸರ, ಇದು ನಮ್ಮ ಚೀಲದ ಸಾಲ ಐತಿ! ಕೊರ್ಕೋತ ಹೋದಂಗ ಮೊದಲ ಬಿಳೀದು ಬರ್ತೈತಿ. ಅದು ಮುಗದ ಮ್ಯಾಲ ಕಂದು ಬಣ್ಣದ ಡಾಲಮೈಟ್. ಅದರ ಕೆಳಗ ಕಾಳುಕಾಳು, ಸಕ್ಕರಿ ಇದ್ದಂಗ. ಹನ್ನೊಂದು ವರ್ಷ ಇದ ಸಾಲಿನ್ಯಾಗ ತುಂಬೇನಿ."

ಇದಕ್ಕೆ ಕಾರಣವನ್ನು 1894ರಲ್ಲಿ ಯೊಹಾನೆಸ್ ವಾಲ್ಥರ್ ಎಂಬ ಜರ್ಮನ್ ವಿಜ್ಞಾನಿ ಹೇಳಿದ್ದಾನೆ. ನಡುವೆ ಕಡಿತವಿಲ್ಲದೆ ಕೂತ ಪದರುಗಳಲ್ಲಿ, ಒಂದರ ಮೇಲೊಂದು ಕಾಣುವ ಮುಖಗಳು ಒಂದು ಕಾಲದಲ್ಲಿ ಅಕ್ಕಪಕ್ಕ ಇದ್ದ ಜಾಗಗಳವು. ಕೆಸರು ತುಂಬಿ ತುಂಬಿ ತೀರ ಕಡಲಿನೊಳಕ್ಕೆ ಸರಿಯುತ್ತ ಹೋದಂತೆ, ಹಿನ್ನೀರಿದ್ದ ಜಾಗದ ಮೇಲೆ ಪಾಚಿ ಬಂತು, ಪಾಚಿಯ ಮೇಲೆ ಸಬ್ಖಾ ಬಂತು. ಹಿಡಿ ಪುಡಿಯಲ್ಲಿ ಸಮುದ್ರ ಕಾಣುವುದು ಹೀಗೆ. ಒಂದು ಚೀಲ ನೋಡಿದರೆ ಒಂದು ಜಾಗ ಕಾಣುತ್ತದೆ. ಚೀಲಗಳ ಸಾಲು ನೋಡಿದರೆ ಸಮುದ್ರ ಬಂದದ್ದು, ಹೋದದ್ದು ಕಾಣುತ್ತದೆ.

ಆದರೆ ಒಂದೇ ಲಕ್ಷಣದಿಂದ ಕಾಯಿಲೆ ತೀರ್ಮಾನಿಸಬಾರದು ಎಂಬ ನಮ್ಮ ಆಸ್ಪತ್ರೆಯ ಪಾಠ ಇಲ್ಲೂ ಬೇಕು. ಸಬ್ಖಾ ಕಂಡ ಉತ್ಸಾಹದಲ್ಲಿ ಎಲ್ಲ ಅನ್‌ಹೈಡ್ರೈಟೂ ಸಬ್ಖಾದ್ದೇ ಎಂದು ಕೆಲಕಾಲ ನಂಬಿದ್ದೂ ಉಂಟು. ಆಮೇಲಿನ ಅಧ್ಯಯನಗಳು ಅದನ್ನು ತಿದ್ದಿದವು. ಹಿತ್‌ನಂಥ ದಪ್ಪ ಪದರಿನಲ್ಲಿ ಬಹಳಷ್ಟು ಆಳವಿಲ್ಲದ ಉಪ್ಪುಕೊಳಗಳ ತಳದಲ್ಲಿ ಆದದ್ದು ಎಂದು ಈಗ ಅನೇಕರು ಹೇಳುತ್ತಾರೆ. ಕೋಳಿಗೂಡಿನ ತಂತಿ ಜಾಲರಿಯಂತೆ ಬಿಳಿ ಗಂಟುಗಳು ಒತ್ತಿಕೊಂಡಿದ್ದರೆ ಮಣ್ಣೊಳಗೆ ಬೆಳೆದದ್ದು. ತಳದಿಂದ ಮೇಲಕ್ಕೆ ನೆಟ್ಟಗೆ ಬೆಳೆದ ಹರಳುಗಳ ಅಚ್ಚು ಕಂಡರೆ ನೀರಿನಡಿ ಬೆಳೆದದ್ದು. ಪುಡಿಯಲ್ಲಿ ಈ ವ್ಯತ್ಯಾಸ ಕಾಣದು. ಅದಕ್ಕೇ ಅಷ್ಟು ಖರ್ಚು ಮಾಡಿ ಕೋರ್ ಎಂಬ ಇಡೀ ಕಲ್ಲಿನ ಕಂಬವನ್ನು ಮೇಲೆತ್ತುವುದು.

ಚೀಲದ ನಂಬರ್ ತಪ್ಪಿದರೆ

ಊಟದ ಹೊತ್ತಿಗೆ ಗೆಳೆಯರು ಒಂದು ಹಳೆಯ ಮಾತು ತೆಗೆದರು. ಕೆಲವು ವರ್ಷಗಳ ಹಿಂದೆ ಒಂದು ರಾತ್ರಿ ಪಾಳಿಯಲ್ಲಿ, ನಿದ್ದೆಗಣ್ಣಿನಲ್ಲಿ ಎರಡು ಚೀಲಗಳ ನಂಬರ್ ಅದಲುಬದಲಾಗಿತ್ತಂತೆ. ಬೆಳಗಿನ ಜಾವ ನೆನಪಾಗಿ ಎದೆ ಧಸಕ್ಕೆಂದಿತು. ಹೇಳಿದರೆ ಕೆಲಸಕ್ಕೆ ಕುತ್ತು ಬರಬಹುದು. ಹೇಳದಿದ್ದರೆ ಯಾರಿಗೂ ಗೊತ್ತಾಗದು. ಹೋಗಿ ಹೇಳಿದರು. ಜಿಯಾಲಜಿಸ್ಟ್ ಆಗಲೇ ತಲೆ ಕೆರೆದುಕೊಳ್ಳುತ್ತಿದ್ದರಂತೆ: ಬಿಳಿ, ಕಾಳು, ಮತ್ತೆ ಬಿಳಿ, ಮತ್ತೆ ಕಾಳು. ಇಲ್ಲದ ಕಡೆ ಹತ್ತು ಅಡಿಯ ಒಂದು ಸಮುದ್ರ ಹುಟ್ಟಿಬಿಟ್ಟಿತ್ತು. ಬೈಯಲಿಲ್ಲ, ಕೈ ಕುಲುಕಿದರಂತೆ. "ಯಾಕ ಕೈ ಕುಲುಕಿದ್ರು ಅಂತ ನನಗ ಇವತ್ತ ತಿಳೀತ್ರಿ" ಎಂದರು.

ಫಾರ್ಮಸಿಯಲ್ಲಿ ದುಡಿಯುವ ನಮಗೆ ಆ ರಾತ್ರಿಯ ಭಯ ಚೆನ್ನಾಗಿ ಗೊತ್ತು. ಒಂದೇ ಬಣ್ಣದ, ಒಂದೇ ಗಾತ್ರದ ಎರಡು ಮಾತ್ರೆಗಳು ತಪ್ಪು ಡಬ್ಬಿಗೆ ಬಿದ್ದು, ಎರಡನೆಯ ಸಲ ತಪಾಸಣೆ ಮಾಡುವಾಗ ಸಿಕ್ಕು, ಬೆವೆತ ದಿನ ನಮ್ಮ ಬದುಕಿನಲ್ಲೂ ಇದೆ. ರಿಗ್ಗಿನಲ್ಲೂ ತಪ್ಪಿಗೆ ದಾರಿಗಳು ಹಲವು. ಆಳದ ಚೂರು ಮೇಲೆ ಬರಲು ಹೊತ್ತು ಹಿಡಿಯುತ್ತದೆ. ಆ ಲೆಕ್ಕ ತಪ್ಪಿದರೆ ಅಡಿ ತಪ್ಪುತ್ತದೆ. ಬಾವಿಯ ಗೋಡೆಯಿಂದ ಮೇಲಿನ ಕಲ್ಲು ಉದುರಿ ಕೆಳಗಿನದರ ಜೊತೆ ಬೆರೆಯುತ್ತದೆ. ಅದನ್ನು ಗುರುತಿಸದಿದ್ದರೆ ಹೊಸ ಪದರನ್ನು ಹಳೆಯದೆಂದು ತಿಳಿಯುತ್ತೇವೆ.

ಇದು ಬರೀ ಓದಿನ ಮಾತಲ್ಲ, ಜೀವದ ಮಾತು. ರಿಗ್ಗಿನಲ್ಲಿರುವವರು ಎದೆಯ ಮೇಲೆ ಸಿಕ್ಕಿಸಿಕೊಳ್ಳುವ ಅನಿಲ ಮೀಟರ್ ಯಾವುದಕ್ಕೆ? ಹೈಡ್ರೋಜನ್ ಸಲ್ಫೈಡ್. ಕೊಳೆತ ಮೊಟ್ಟೆಯ ವಾಸನೆಯ ಈ ವಿಷಾನಿಲ ಹೆಚ್ಚಾದರೆ ಮೂಗಿನ ಶಕ್ತಿಯನ್ನೇ ಕೊಲ್ಲುತ್ತದೆ. ವಾಸನೆ ನಿಂತಿತೆ, ಅಪಾಯ ಹೋಯಿತು ಎಂದಲ್ಲ, ಹತ್ತಿರ ಬಂತು ಎಂದು ಅರ್ಥವಿರಬಹುದು. ಅದು ಎಲ್ಲಿಂದ ಬರುತ್ತದೆ ನೋಡಿ. ಅರಬ್ ಪದರು ತುಂಬ ಆಳಕ್ಕಿಳಿದು ನೂರು ಡಿಗ್ರಿಗೂ ಮೀರಿ ಬಿಸಿಯಾದ ಕಡೆಗಳಲ್ಲಿ, ಅನ್‌ಹೈಡ್ರೈಟಿನ ಸಲ್ಫೇಟ್ ಎಣ್ಣೆ ಅನಿಲಗಳ ಜೊತೆ ವರ್ತಿಸಿ ಈ ವಿಷ ಹುಟ್ಟುತ್ತದೆ. ಅಬುಧಾಬಿಯ ಶಾಹ್ ಕ್ಷೇತ್ರದ ಅನಿಲದಲ್ಲಿ ಐದನೆಯ ಒಂದು ಭಾಗಕ್ಕೂ ಹೆಚ್ಚು ಇದೇ ಇದೆ. 15 ಕೋಟಿ ವರ್ಷದ ಹಿಂದೆ ಒಂದು ತೀರದಲ್ಲಿ ಬತ್ತಿದ ಉಪ್ಪುನೀರು ಇಂದು ನಮ್ಮ ಹುಡುಗರ ಉಸಿರಿಗೆ ಎದುರಾಗುತ್ತದೆ. ಬಿಳಿ ಪದರು ಎಲ್ಲಿ ಮುಗಿಯುತ್ತದೆ, ಅದರಡಿ ಎಂಥ ಕಲ್ಲಿದೆ ಎಂದು ಮೊದಲೇ ತಿಳಿದಿದ್ದರೆ ಎಚ್ಚರಿಕೆ ತೆಗೆದುಕೊಳ್ಳಲು ಸಮಯ ಸಿಗುತ್ತದೆ. ಆ ತಿಳಿವಳಿಕೆ ನಿಂತಿರುವುದು ಸರಿಯಾಗಿ ಬರೆದ ಚೀಲದ ಮೇಲೆ.

ನಮ್ಮ ಮನೆಯ ಕಲ್ಲುಗಳು

ಹಿಂದಿರುಗುವ ದಾರಿಯಲ್ಲಿ ಮಾತು ಊರಿನ ಕಲ್ಲುಗಳತ್ತ ಹೊರಳಿತು. ಕರ್ನಾಟಕದ ನೆಲದ ಬಹುಭಾಗ ಇದಕ್ಕಿಂತ ಬಹಳ ಹಳೆಯದು. ಜುರಾಸಿಕ್ ಸಮುದ್ರದ ಬಂಡೆ ಬೇಕೆಂದರೆ ಕಚ್ ಅಥವಾ ಜೈಸಲ್ಮೇರಿಗೆ ಹೋಗಬೇಕು. ಆದರೆ ಓದುವ ಬಗೆ ಎಲ್ಲ ಕಡೆಗೂ ಒಂದೇ. ಬಾದಾಮಿಯ ಮೇಣಬಸದಿಯ ಮರಳುಗಲ್ಲಿನಲ್ಲಿ ಓರೆ ಓರೆಯಾಗಿ ಸಾಗುವ ಗೆರೆಗಳನ್ನು ಗೆಳೆಯರು ಚಿಕ್ಕಂದಿನಿಂದ ನೋಡಿದ್ದಾರೆ. ಅವು ಶಿಲ್ಪಿಯ ಉಳಿಯ ಗುರುತಲ್ಲ. ಚಿಪ್ಪುಳ್ಳ ಪ್ರಾಣಿಗಳು ಭೂಮಿಗೆ ಬರುವುದಕ್ಕೂ ಮುಂಚೆ ಹರಿದ ನೀರು ಮರಳನ್ನು ತಳ್ಳಿದ ಗುರುತು. ಗೆರೆ ಇಳಿಯುವ ಕಡೆ ನೀರು ಹರಿದ ಕಡೆ.

ನಮ್ಮ ಎಷ್ಟೋ ಮನೆಗಳ ದೇವರ ಕೋಣೆಯಲ್ಲಿ ಸಾಲಿಗ್ರಾಮ ಇದೆ. ನೇಪಾಳದ ಗಂಡಕಿ ನದಿಯಿಂದ ಬರುವ ಈ ಕಪ್ಪು ಕಲ್ಲುಗಳಲ್ಲಿ ಅನೇಕವು ಅಮೊನೈಟ್ ಎಂಬ ಸಮುದ್ರಜೀವಿಯ ಪಳೆಯುಳಿಕೆಗಳು. ಒಳಗಿನ ಚಕ್ರ ಆ ಜೀವಿಯ ಸುರುಳಿ ಚಿಪ್ಪಿನದು. ಬಹಳಷ್ಟು ಜುರಾಸಿಕ್ ಕಾಲದ್ದೇ. ಅದು ಬದುಕಿದ್ದೂ ಟೆಥಿಸ್ ಸಾಗರದಲ್ಲೇ. ಇಲ್ಲಿನ ಬಿಳಿ ಕಲ್ಲು ಬಿಸಿಲು ಮುಟ್ಟುವ ತೀರದ್ದು. ಅಲ್ಲಿನ ಕಪ್ಪು ಕಲ್ಲು ಅಲೆ ಮುಟ್ಟದ ಶಾಂತ ಕೆಸರಿನದು. ಅಜ್ಜಿ ತುಳಸಿ ಏರಿಸಿ ಪೂಜಿಸುತ್ತಿದ್ದ ಕಲ್ಲಿಗೂ, ನಾವು ಅನ್ನ ಹುಡುಕಿಕೊಂಡು ಬಂದ ಈ ನೆಲದ ಕಲ್ಲಿಗೂ ಒಂದೇ ಸಾಗರದ ನಂಟು. ಭಕ್ತಿಗೆ ಇದರಿಂದ ಏನೂ ಕಡಿಮೆಯಾಗದು, ನಮಗಂತೂ ಹೆಚ್ಚೇ ಆಯಿತು.

ಆ ಪ್ರವಾಸವಾಗಿ ಎರಡು ತಿಂಗಳ ಮೇಲೆ ಒಂದು ಬೆಳಿಗ್ಗೆ, ರಾತ್ರಿ ಪಾಳಿ ಮುಗಿಸಿ ಗೆಳೆಯರು ಫೋನ್ ಮಾಡಿದರು. ದನಿಯಲ್ಲಿ ದಣಿವಿತ್ತು, ಖುಷಿಯೂ ಇತ್ತು. "ಬಿಳಿ ಮುಗೀತ್ರಿ ಸರ. ಸಮುದ್ರ ಬಂತು" ಎಂದರು.

ಮುಂದಿನ ಸಲ ಗಡಿಯ ದಾರಿಯಲ್ಲಿ ಹೋಗುವಾಗ ಎರಡೂ ಬದಿಯ ಉಪ್ಪು ಬಯಲನ್ನು ಬರೀ ಬರಡು ಎನ್ನಬೇಡಿ, ಮಕ್ಕಳಿಗೆ ತೋರಿಸಿ. ವರ್ಷದಿಂದ ವರ್ಷಕ್ಕೆ ರಸ್ತೆ, ಕಟ್ಟಡಗಳಿಗಾಗಿ ಅದನ್ನು ಮುಚ್ಚುತ್ತಿದ್ದೇವೆ, ಮುಚ್ಚುವ ಕೈಗಳಲ್ಲಿ ನಮ್ಮವೂ ಇವೆ. ಇನ್ನು, ರಿಗ್ಗಿನಲ್ಲಿ ಚೀಲ ತುಂಬುವ, ಮಡ್ ಕಲಸುವ, ಪೈಪ್ ಹೊರುವ ಅಣ್ಣತಮ್ಮಂದಿರಿಗೆ ನಮ್ಮ ಒಂದು ಮಾತು. ನೀವು ಕೈಯಲ್ಲಿ ಹಿಡಿದಿರುವುದು ಬರೀ ಪುಡಿಯಲ್ಲ. ನಂಬರ್ ಸರಿಯಾಗಿ ಬರೆಯಿರಿ. ತಪ್ಪಿದರೆ ಹೋಗಿ ಹೇಳಿ. ನಾವೂ ಕೌಂಟರಿನ ಈಚೆ ಅದನ್ನೇ ಮಾಡುತ್ತಿದ್ದೇವೆ.